ಹೆಸ್ಟರಳ ಗಿಣ್ಣು ಟಾರ್ಟು

ಸ್ಕಾರ್‌ಬೆಕ್ ಕಣಿವೆಯಲ್ಲಿ ನಲವತ್ತು ವರ್ಷ ಅಂಚೆ ಹಂಚಿದವಳು ನಾನು, ಐವಿ ರೇಸ್ಟ್ರಿಕ್. ಮೊದಲು ಕಾಲ್ನಡಿಗೆ, ಆಮೇಲೆ ಸೈಕಲ್ಲು, ಕೊನೆಗೆ ಕೆಂಪು ವ್ಯಾನು. ಕಾಗದ ಹಂಚಿದ್ದಕ್ಕಿಂತ ನೀನು ಮಾತು ಹಂಚಿದ್ದೇ ಹೆಚ್ಚು ಎಂದು ನನ್ನ ಗಂಡ ಹೇಳುತ್ತಿದ್ದ. ಸುಳ್ಳಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ಕಡೆ ಇರುತ್ತಾರೆ. ಎತ್ತು ಈದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವವಳೂ ಒಬ್ಬಳು ಬೇಕಲ್ಲ, ಅವಳು ನಾನು. ಹೆಸ್ಟರ್ ಥ್ವೇಟ್ ಮೂವತ್ತೊಂದು ವರ್ಷ ನಮ್ಮ ನಡುವೆ ಇದ್ದೂ ಒಂಟಿಯಾಗಿ ಬದುಕಿದಳು. ಅದರಲ್ಲಿ ದೊಡ್ಡ ಪಾಲು ನನ್ನದು. ಅದನ್ನು ಹೇಳಿಬಿಡುತ್ತೇನೆ.

ಹೆಸ್ಟರ್ ಹುಟ್ಟಿನಿಂದ ನಮ್ಮವಳಲ್ಲ. ಲೀಡ್ಸ್ ಪಟ್ಟಣದಲ್ಲಿ ಕೋಟು ಹೊಲಿಯುವ ಕಾರ್ಖಾನೆಯಲ್ಲಿದ್ದವಳು. ನಮ್ಮ ಏಮಸ್ ಥ್ವೇಟ್ ಕೋಟು ತರುತ್ತೇನೆಂದು ಲೀಡ್ಸಿಗೆ ಹೋದವನು ಕೋಟು ಹೊಲಿದವಳನ್ನೇ ಮದುವೆಯಾಗಿ ಕರೆತಂದ. 1952ರ ಏಪ್ರಿಲ್ ತಿಂಗಳು. ಅವಳಿಗೆ ಇಪ್ಪತ್ತೇಳು, ನನಗೆ ಹತ್ತೊಂಬತ್ತು. ತೆಳ್ಳಗಿನ ಹೆಂಗಸು, ಉದ್ದನೆಯ ಬೆರಳುಗಳು, ಸುಮ್ಮನೆ ನಿಂತಾಗಲೂ ಏಪ್ರನ್ನಿನ ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಲ್ಲಿ ಸವರುತ್ತಲೇ ಇರುತ್ತಿದ್ದಳು. ಯಾರು ಎದುರಿಗೆ ಬಂದರೂ ಮೊದಲು ಅವಳೇ ನಗುತ್ತಿದ್ದಳು. ನಮ್ಮ ಕಡೆ ಹಾಗೆ ಮೊದಲು ನಗುವವರನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ.

ಕಣಿವೆಯ ಮೇಲಿನ ತುದಿಯಲ್ಲಿ ಐಸಾಕ್ ಕಾಲ್ವರ್ಟನ ತೋಟದ ಮನೆ, ಅದರ ಕೆಳಗೆ ದಾರಿಯುದ್ದಕ್ಕೂ ನಮ್ಮದೂ ಸೇರಿ ಎಂಟು ಮನೆಗಳು. ಒಳ್ಳೆಯ ಹಸುಗಳಿದ್ದದ್ದು ಕಾಲ್ವರ್ಟರಲ್ಲಿ ಮಾತ್ರ, ಉಳಿದವರದೆಲ್ಲ ಕುರಿ. ಹಾಗಾಗಿ ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ವಿಟ್ ಹಬ್ಬದ ಹೊತ್ತಿಗೆ ಅವರ ಹಸು ಈದರೆ ಗಿಣ್ಣು ಹಾಲು ಎಂಟು ಮನೆಗೂ ಹೋಗಬೇಕು. ಆ ಗಿಣ್ಣನ್ನು ಹಿಟ್ಟಿನ ಹಾಳೆಯಲ್ಲಿ ತುಂಬಿ ಮನೆಮನೆಯಲ್ಲಿ ಟಾರ್ಟು ಬೇಯಿಸಬೇಕು, ವಿಟ್ ಸೋಮವಾರ ಚಾಪೆಲ್ಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ, ಚಹಾಕೂಟದಲ್ಲಿ ಒಬ್ಬರದನ್ನು ಒಬ್ಬರು ತಿನ್ನಬೇಕು. ಕ್ಯಾನುಗಳನ್ನು ಒಯ್ಯುವುದು, ವಾಪಸು ತರುವುದು ಅಂಚೆಯವಳ ಕೆಲಸ. ಸರ್ಕಾರ ಹೇಳಿದ್ದಲ್ಲ, ನನಗಿಂತ ಮೊದಲಿದ್ದವಳೂ ಒಯ್ಯುತ್ತಿದ್ದಳು.

ಒಂದೇ ಕಟ್ಟಳೆ. ಗಿಣ್ಣಿನ ಕ್ಯಾನನ್ನು ತೊಳೆಯದೆ ವಾಪಸು ಕೊಡಬೇಕು. ಒಳಗೆ ಹಾಲು ಒಣಗಿ ಅಂಟಿಕೊಂಡೇ ಇರಬೇಕು. ತೊಳೆದರೆ ಹಸುವಿನ ಹಾಲೂ ತೊಳೆದುಹೋಗುತ್ತದೆ, ತಾಯಿಯೋ ಕರುವೋ ಒಂದು ಸಾಯುತ್ತದೆ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನನಗೆ ಯಾರು ಹೇಳಿದರೆಂದು ಕೇಳಿದರೆ ನೆನಪಿಲ್ಲ. ಲೀಡ್ಸಿನ ಹೆಂಗಸಿಗೆ ಮಾತ್ರ ಗೊತ್ತಿರಲು ಸಾಧ್ಯವಿರಲಿಲ್ಲ.

ಆ ವರ್ಷ ಕಾಲ್ವರ್ಟರ ಪ್ರಿಮ್‌ರೋಸ್ ಎಂಬ ಹಸು ಹಬ್ಬಕ್ಕೆ ಸರಿಯಾಗಿ ಈಯಿತು. ಐಸಾಕನ ಹೆಂಡತಿ ಡೋರಾ ಎಂಟು ಕ್ಯಾನು ತುಂಬಿ ಕೊಟ್ಟಳು. ಹೆಸ್ಟರ್ ತನ್ನ ಪಾಲಿನ ಕ್ಯಾನಿನ ಮುಚ್ಚಳ ತೆಗೆದು, ಒಳಗಿದ್ದ ದಪ್ಪ ಹಳದಿ ಹಾಲನ್ನು ನೋಡಿ ಹೆದರಿದಳು.

"ಇದು ಕೆಟ್ಟಿಲ್ಲ ತಾನೆ?"

"ಕೆಡೋದಾ? ಇದು ಬಂಗಾರ ಕಣ್ರೀ ಮಿಸೆಸ್ ಥ್ವೇಟ್. ಟಾರ್ಟ್ ಮಾಡಿ."

ಹೇಗೆ ಮಾಡುವುದೆಂದು ಕೇಳಿದಳು. ಏಮಸನ ತಾಯಿ ಆಗಲೇ ತೀರಿಹೋಗಿದ್ದಳು, ಹೇಳಿಕೊಡಲು ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ. ಬಾಗಿಲಲ್ಲೇ ನಿಂತು ನಾನು ಎಲ್ಲ ಹೇಳಿದೆ. ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸುವುದು, ಗಿಣ್ಣು ಕಟ್ಟಿದ ಮೇಲೆ ಬಟ್ಟೆಯಲ್ಲಿ ಬಸಿಯುವುದು, ಎಷ್ಟು ಬೆಣ್ಣೆ, ಎಷ್ಟು ಸಣ್ಣ ದ್ರಾಕ್ಷಿ, ಎಷ್ಟು ಜಾಯಿಕಾಯಿ. ಕ್ಯಾನಿನ ವಿಷಯ ಹೇಳಲಿಲ್ಲ. ಅಲ್ಲಿಯವರೆಗೆ ಅದು ಮರೆವು, ನನ್ನ ತಪ್ಪೇನಲ್ಲ.

ಮರುದಿನ ಕ್ಯಾನು ತೆಗೆದುಕೊಳ್ಳಲು ಹೋದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಹೆಸ್ಟರ್ ನನಗೆ ಬೆನ್ನು ಮಾಡಿ ನಿಂತಿದ್ದಳು. ಕ್ಯಾನು ತೊಟ್ಟಿಯೊಳಗಿತ್ತು, ಅದಕ್ಕೆ ಸೋಡಾ ಪುಡಿ ಹಾಕಿದ್ದಳು, ಕುದಿಯುವ ಕೆಟಲು ಅವಳ ಕೈಯಲ್ಲಿತ್ತು. ನೀರು ಇನ್ನೂ ಹುಯ್ದಿರಲಿಲ್ಲ. ಬೇಡ ಅಂದಿದ್ದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಯಾಕೆ ಅಂದರೆ, ನಗು ಬಂತು. ಪೇಟೆಯವಳು ಕಾಲ್ವರ್ಟರ ಕ್ಯಾನನ್ನು ಸೋಡಾ ಹಾಕಿ ತೊಳೆಯುತ್ತಿದ್ದಾಳೆ, ಇವತ್ತು ಮನೆಮನೆಯಲ್ಲೂ ಹೇಳಲು ಒಳ್ಳೆಯ ಕಥೆ ಸಿಕ್ಕಿತು ಎಂದು ಖುಷಿಯಾಯಿತು. ಅವಳು ನೀರು ಹುಯ್ದಳು. ಉಜ್ಜಿದಳು, ಒರೆಸಿದಳು, ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ತಿರುಗಿ ನನ್ನನ್ನು ಕಂಡಳು. ನಾನು ನಗುತ್ತಿದ್ದೆ. ಅವಳೂ ನಕ್ಕಳು.

"ನೋಡು, ಮುಖ ನೋಡ್ಕೋಬಹುದು," ಎಂದು ಕ್ಯಾನು ಕೊಟ್ಟಳು. "ಅವರ ಮನೆ ಪಾತ್ರೆ, ಕೊಳಕಾಗಿ ಕೊಡಬಾರದಲ್ಲ."

ಕಥೆಯನ್ನು ಎಲ್ಲ ಮನೆಯಲ್ಲೂ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ದಿನ ಪ್ರಿಮ್‌ರೋಸ್‌ಗೆ ಹಾಲುಜ್ವರ ಬಂದು ಕಾಲು ಮಡಿಸಿ ಕೂತಿತು, ಸಂಜೆಗೆ ಸತ್ತಿತು. ಆಮೇಲೆ ಯಾರೂ ನಗಲಿಲ್ಲ.

ಹೆಸ್ಟರಳ ಮೇಲೆ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಕೂಗಾಡಿ, ಅತ್ತು, ಮುಗಿಯುತ್ತಿತ್ತೇನೋ. ನಮ್ಮ ಕಣಿವೆಯವರು ಕೂಗಾಡುವುದಿಲ್ಲ. ಆ ವಿಟ್ ಸೋಮವಾರ ಅವಳ ಮೊದಲ ಟಾರ್ಟು ಮೇಜಿನ ತುದಿಯಲ್ಲಿತ್ತು. ಅಂಚನ್ನು ನೆರಿಗೆಯಂತೆ ಒಂದೇ ಅಳತೆಗೆ ಚಿವುಟಿದ್ದಳು, ಮೇಲೆ ಹದವಾದ ಕಂದು ಬಣ್ಣ. ಏಮಸ್ ಬಿಟ್ಟರೆ ಯಾರೂ ಅದಕ್ಕೆ ಚಾಕು ಹಾಕಲಿಲ್ಲ. ಡೋರಾ ಕಾಲ್ವರ್ಟ್ ಆ ತುದಿಗೆ ಬೆನ್ನು ಹಾಕಿ ಕೂತಳು. ಹೆಸ್ಟರ್ ಎಲ್ಲರ ತಟ್ಟೆಗಳನ್ನೂ ನೋಡುತ್ತಿದ್ದಳು. ಚಹಾ ಮುಗಿದ ಮೇಲೆ ಟಾರ್ಟಿಗೆ ಬಟ್ಟೆ ಮುಚ್ಚಿ ಮನೆಗೆ ಒಯ್ದಳು.

ಕಾರಣ ಏನೆಂದು ಅವಳಿಗೆ ತಿಂಗಳಾದ ಮೇಲೆ ಏಮಸ್ ಹೇಳಿದನಂತೆ. ಅವನೇ ಕಾಲ್ವರ್ಟರ ಮನೆಗೆ ಹೋಗಿ ಹ್ಯಾಟು ಕೈಯಲ್ಲಿ ಹಿಡಿದು ಕ್ಷಮೆ ಕೇಳಿದ. ಡೋರಾ ಅಳುತ್ತಾ ಬಾಗಿಲು ಹಾಕಿಕೊಂಡಳು.

ಮುಂದಿನ ವರ್ಷ ನಾನು ಮೇಲಿನಿಂದ ಇಳಿಯುವಾಗ ಕೈಯಲ್ಲಿ ಏಳೇ ಕ್ಯಾನು. ತಗಡಿನ ಸದ್ದು ಕೇಳಿ ಹೆಸ್ಟರ್ ಕೈ ಒರೆಸಿಕೊಳ್ಳುತ್ತಾ ಗೇಟಿನವರೆಗೆ ಬಂದಳು. ನಾನು ಒಂದು ಕಾಗದ ಕೊಟ್ಟೆ. ಅವಳು ಕ್ಯಾನುಗಳ ಕಡೆ ನೋಡಿ, "ಚಳಿ ಇನ್ನೂ ಹೋಗ್ಲಿಲ್ಲ ಅಲ್ವಾ" ಅಂದಳು. ನಾಲ್ಕೈದು ವರ್ಷ ಹಾಗೇ ಗೇಟಿಗೆ ಬಂದಳು. ಆಮೇಲೆ ಸದ್ದು ಕೇಳಿದರೆ ಒಳಗೆ ಹೋಗಿ ಕಿಟಕಿ ಮುಚ್ಚುತ್ತಿದ್ದಳು.

ಆದರೂ ಟಾರ್ಟು ಬಿಡಲಿಲ್ಲ. ಅಂಗಡಿಯ ಹಾಲು ತಂದು, ಭೇದಿ ಉಪ್ಪು ಹಾಕಿ ಒಡೆಸಿ, ಅದನ್ನೇ ಗಿಣ್ಣು ಮಾಡಿಕೊಂಡು ಬೇಯಿಸಿದಳು. ಹಾಲು ಒಡೆಯಲು ಅದು ಒಳ್ಳೆಯದೇ, ಬೇರೆ ಕಡೆ ಮಾಡುತ್ತಾರೆ. ನಮ್ಮಲ್ಲಿ ಮಾತ್ರ ಅದಕ್ಕೊಂದು ಹೆಸರು ಬಿತ್ತು. "ಹೆಸ್ಟರಳ ಟಾರ್ಟ್ ತಿಂದ್ರೆ ಹೊಟ್ಟೆ ಖಾಲಿ, ಕೊಟ್ಟಿಗೆನೂ ಖಾಲಿ." ಈ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

1961ರಲ್ಲಿ ಹುಲ್ಲು ಕೊಯ್ಯುವ ದಿನಗಳಲ್ಲಿ ಏಮಸ್ ಎದೆ ಹಿಡಿದುಕೊಂಡು ಹೊಲದಲ್ಲೇ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಊರವರೆಲ್ಲ ಮಣ್ಣಿಗೆ ಬಂದರು, ಹ್ಯಾಮ್ ತಂದರು, ಬ್ರೆಡ್ ತಂದರು, ಅವಳ ಕೈ ಹಿಡಿದುಕೊಂಡರು. ನಾವು ಕೆಟ್ಟ ಜನವಲ್ಲ. ಅವಳು ಲೀಡ್ಸಿಗೆ ವಾಪಸು ಹೋಗುತ್ತಾಳೆಂದೇ ಎಲ್ಲರೂ ಅಂದುಕೊಂಡಿದ್ದೆವು. ಹೋಗಲಿಲ್ಲ. ಕೋಳಿ ಸಾಕಿದಳು, ಹೊಲಿಗೆ ಹಿಡಿದಳು. ಕಣಿವೆಯ ಗಂಡಸರ ಪ್ಯಾಂಟುಗಳನ್ನೆಲ್ಲ ಅವಳೇ ರಿಪೇರಿ ಮಾಡಿದ್ದು. ಅವಳು ಹೊಲಿದದ್ದನ್ನು ತೊಟ್ಟುಕೊಂಡೇ ಜನ ಚಾಪೆಲ್ಲಿಗೆ ಬಂದು ಅವಳ ಟಾರ್ಟು ಬಿಟ್ಟು ಮಿಕ್ಕದ್ದೆಲ್ಲ ತಿನ್ನುತ್ತಿದ್ದರು.

ಒಮ್ಮೆ ಕೇಳಿದೆ. "ಅಲ್ವೇ ಹೆಸ್ಟರ್, ಲೀಡ್ಸಲ್ಲಿ ನಿಮ್ಮವರು ಯಾರೂ ಇಲ್ವಾ? ಇಲ್ಲೇನಿದೆ ಅಂತ ಕೂತಿದೀಯ?"

"ಅಲ್ಲಿ ನಾನು ಟಾರ್ಟ್ ಮಾಡಿದ್ರೂ ಒಂದೇ, ಬಿಟ್ರೂ ಒಂದೇ. ಯಾರಿಗೂ ಗೊತ್ತಾಗಲ್ಲ," ಅಂದಳು. "ಇಲ್ಲಾದ್ರೆ, ನಂದು ತಿನ್ನಬಾರದು ಅಂತಾದ್ರೂ ಎಲ್ಲರ ತಲೇಲೂ ಇರುತ್ತೆ."

ನಗುತ್ತಲೇ ಅಂದಳು. ನಾನೂ ನಕ್ಕು ಗೇಟು ಹಾಕಿಕೊಂಡು ಬಂದೆ.

ನೀನು ಯಾಕೆ ತಿನ್ನಲಿಲ್ಲ ಎಂದು ಕೇಳಬಹುದು. ಕೇಳಲೇಬೇಕು. ಹೆದರಿಕೆ. ಕೆಟಲು ಕೈಯಲ್ಲಿದ್ದಾಗಲೇ ನಾನು ಕಂಡಿದ್ದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ತಿಂದರೆ, ಇವಳಿಗೇಕೆ ಇಷ್ಟು ಕನಿಕರ ಅಂತ ಯಾರಾದರೂ ಕೆದಕಿಯಾರು ಎಂದು ಅಳುಕು. ಅಷ್ಟಕ್ಕೆ ಇಷ್ಟು ವರ್ಷ ಸುಮ್ಮನಿದ್ದೆ.

ಒಂದು ಸಮಾಧಾನ ಮಾಡಿಕೊಂಡಿದ್ದೆ. ಏಮಸ್ ಹೋದ ಮೇಲೂ ಪ್ರತಿ ವರ್ಷ ಅವಳ ಟಾರ್ಟು ವಾಪಸು ಹೋಗುವಾಗ ಒಂದು ತುಂಡು ಕಡಿಮೆ ಇರುತ್ತಿತ್ತು. ಯಾರೋ ಒಬ್ಬರು ಪುಣ್ಯಾತ್ಮರು ಗುಟ್ಟಾಗಿ ತಿನ್ನುತ್ತಿದ್ದಾರೆ, ದೇವರು ಒಳ್ಳೆಯದು ಮಾಡಲಿ ಅಂದುಕೊಳ್ಳುತ್ತಿದ್ದೆ. 1982ರ ವಿಟ್ ಸೋಮವಾರ ಹೆಸ್ಟರಳಿಗೆ ಮಂಡಿ ನೋವಿತ್ತು. ವ್ಯಾನಿನಲ್ಲಿ ಹತ್ತಿಸಿಕೊಂಡೆ. ಅವಳು ಹತ್ತುವಾಗ ತಟ್ಟೆಯನ್ನು ನಾನು ಹಿಡಿದುಕೊಂಡೆ, ಮೇಲಿನ ಬಟ್ಟೆ ಜಾರಿತು. ಟಾರ್ಟಿನಲ್ಲಿ ಒಂದು ತುಂಡು ಆಗಲೇ ಇರಲಿಲ್ಲ.

"ಇದೇನೇ ಇದು? ಇನ್ನೂ ಚಾಪೆಲ್ಲೇ ಮುಟ್ಟಿಲ್ಲ."

ಅವಳು ಬಟ್ಟೆಯನ್ನು ಸರಿಮಾಡಿದಳು. "ಪೂರ್ತಿ ಇದ್ರೆ ಕತ್ತರಿಸೋಕೆ ಯಾರಿಗೂ ಕೈ ಬರಲ್ಲ ಐವಿ. ಮೊದಲನೇ ತುಂಡು ಯಾರೋ ತಗೊಂಡಿದಾರೆ ಅಂತ ಕಂಡ್ರೆ ಎರಡನೇದು ಸುಲಭ. ಹಾಗಂತ ಒಂದು ಲೆಕ್ಕ ಹಾಕಿದೀನಿ."

"ಎಷ್ಟು ವರ್ಷದಿಂದ?"

"ಏಮಸ್ ಹೋದಾಗಿಂದ. ಅಲ್ಲೀವರೆಗೂ ಮೊದಲನೇ ತುಂಡು ಅವನೇ ತಿಂತಿದ್ದ."

ವ್ಯಾನು ಓಡಿಸುತ್ತಿದ್ದವಳಿಗೆ ರಸ್ತೆ ಮಂಜಾಯಿತು. ಆ ಪುಣ್ಯಾತ್ಮರು ಯಾರೂ ಇರಲೇ ಇಲ್ಲ. ಇಪ್ಪತ್ತು ವರ್ಷದಿಂದ ಹೆಂಗಸು ತನ್ನ ಟಾರ್ಟನ್ನು ತಾನೇ ಕತ್ತರಿಸಿ, ಎರಡನೇ ತುಂಡಿಗೆ ಯಾರಾದರೂ ಕೈ ಹಾಕಿಯಾರು ಎಂದು ಮೇಜಿನ ತುದಿಯಲ್ಲಿ ಕೂತು ಕಾದಿದ್ದಾಳೆ. ಅವತ್ತು ಕೂಡ ಯಾರೂ ಹಾಕಲಿಲ್ಲ. ನಾನು ಎದ್ದು ಒಂದು ತುಂಡು ತೆಗೆದುಕೊಂಡು ತಿಂದೆ. ಎಲ್ಲರೂ ನನ್ನನ್ನೇ ನೋಡಿದರು. ಹೆಸ್ಟರ್ ಮಾತ್ರ ನೋಡಲಿಲ್ಲ. ಅದು ಕನಿಕರದ ತುಂಡೆಂದು ಅವಳಿಗೆ ಗೊತ್ತಾಗಿತ್ತು.

ಮುಂದಿನ ಮೇ ತಿಂಗಳು ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕಾಲ್ವರ್ಟರ ಕ್ಲೋವರ್ ಎಂಬ ಹಸು ಈಯಿತು. ಡೋರಾ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು, ಕ್ಯಾನು ತುಂಬುತ್ತಿದ್ದದ್ದು ಐಸಾಕನೇ. ಶುಕ್ರವಾರ ಬೆಳಿಗ್ಗೆ ಹೋದಾಗ ಕಲ್ಲಿನ ಕಟ್ಟೆಯ ಮೇಲೆ ಏಳು ಕ್ಯಾನು ಸಾಲಾಗಿ ಇಟ್ಟಿದ್ದ.

"ಎಂಟನೇದು ಎಲ್ಲಿ?" ಅಂದೆ.

"ಯಾವ ಎಂಟನೇದು? ನಿಂಗೇನು ವಯಸ್ಸಿಗೆ ಲೆಕ್ಕ ಮರೆತುಹೋಯ್ತಾ?"

"ಹೆಸ್ಟರ್ ಥ್ವೇಟಳದು. ಅದು ಸಿಗೋವರೆಗೂ ಈ ಏಳನ್ನ ನಾನು ಮುಟ್ಟಲ್ಲ."

ಅವನು ಹ್ಯಾಟು ತೆಗೆದು ಮತ್ತೆ ಹಾಕಿಕೊಂಡ. "ಬೆಳಬೆಳಿಗ್ಗೆ ಜಗಳಕ್ಕೆ ಬಂದಿದೀಯಾ?"

"ಹೂಂ, ಜಗಳಕ್ಕೇ ಬಂದಿದೀನಿ. ಅವತ್ತು ಅವಳು ಕೆಟಲು ಹಿಡ್ಕೊಂಡಿದ್ದಾಗ ನಾನು ಕಿಟಕಿ ಹತ್ರ ನಿಂತಿದ್ದೆ ಐಸಾಕ್. ನೀರು ಇನ್ನೂ ಹುಯ್ದಿರಲಿಲ್ಲ. ಬೇಡ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಊರಿಗೆಲ್ಲ ಹೇಳ್ಕೊಂಡು ನಗೋಣ ಅಂತ ಸುಮ್ಮನಿದ್ದೆ. ನಿನ್ನ ಹಸು ಸತ್ತಿದ್ದು ಕ್ಯಾನು ತೊಳೆದಿದ್ದಕ್ಕೇ ಆದ್ರೆ, ಕೊಂದೋಳು ನಾನು. ಕ್ಯಾನು ನಿಲ್ಲಿಸೋದಾದ್ರೆ ನಮ್ಮನೇದು ನಿಲ್ಲಿಸು."

ಅವನು ಕೊಟ್ಟಿಗೆಯ ಬಾಗಿಲ ಮೇಲೆ ಮೊಣಕೈ ಊರಿ ಹಸುವನ್ನೇ ನೋಡುತ್ತಾ ನಿಂತ. ಕರು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು.

"ಕ್ಯಾನಿಂದ ಸತ್ತಿದ್ದಲ್ಲ ಅದು," ಅಂದ.

"ಮತ್ತೆ?"

"ಈದ ದಿನವೇ ಕೆಚ್ಚಲು ಪೂರ್ತಿ ಬರಿದು ಮಾಡಿಬಿಟ್ಟಿದ್ವಿ. ಮೊದಲ ದಿನ ಹಾಗೆ ಹಿಂಡಬಾರದು, ಹಿಂಡಿದ್ರೆ ಹಾಲುಜ್ವರ ಬರುತ್ತೆ ಅಂತ ನಮ್ಮಪ್ಪ ಹೇಳಿ ಹೇಳಿ ಸತ್ತ. ಡೋರಾಗೆ ಎಂಟು ಕ್ಯಾನೂ ತುಂಬಲೇಬೇಕಿತ್ತು. ಥ್ವೇಟರ ಮನೆಗೆ ಹೊಸ ಸೊಸೆ ಬಂದಿದಾಳೆ, ಕಾಲ್ವರ್ಟರ ಮನೆಯಿಂದ ಅರ್ಧ ಕ್ಯಾನು ಹೋದ್ರೆ ಮರ್ಯಾದೆ ಏನಾಗುತ್ತೆ ಅಂದ್ಲು. ಅವಳು ಹಿಂಡಿದ್ಲು, ನಾನು ದೀಪ ಹಿಡ್ಕೊಂಡಿದ್ದೆ."

"ಗೊತ್ತಿತ್ತಾ ನಿಂಗೆ? ಇಷ್ಟು ವರ್ಷವೂ?"

"ಡೋರಾಗೂ ಗೊತ್ತಿತ್ತು. ಕ್ಯಾನು ಹೊಳೀತಾ ವಾಪಸು ಬಂತಲ್ಲ, ಅದರ ಮೇಲೆ ಹಾಕಿಬಿಟ್ವಿ. ಅವಳು ಬದುಕಿರೋವಾಗ ನಾನು ಹೇಗೆ ಬಾಯಿ ಬಿಡ್ಲಿ, ಹೇಳು."

ಬೈಯಬೇಕೆಂದು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಅವನು ಒಳಗೆ ಹೋದ. ಹಾಲಿನ ಕೋಣೆಯ ಮೊಳೆಯಲ್ಲಿ ಒಂದು ಹಳೇ ಕ್ಯಾನು ನೇತಾಡುತ್ತಿತ್ತು, ಅದನ್ನು ತಂದು ಏಳರಿಂದಲೂ ಸ್ವಲ್ಪ ಸ್ವಲ್ಪ ಬಗ್ಗಿಸಿ ತುಂಬಿ ಕೊಟ್ಟ.

ಹೆಸ್ಟರ್ ಗೇಟಿಗೆ ಬಂದಿರಲಿಲ್ಲ. ಬಾಗಿಲು ತಟ್ಟಿ ಕ್ಯಾನನ್ನು ಮೇಜಿನ ಮೇಲೆ ಇಟ್ಟೆ. ಅವಳು ಏಪ್ರನ್ನಿನ ಅಂಚು ಹಿಡಿದುಕೊಂಡು ಅದನ್ನೇ ನೋಡಿದಳು, ಮುಟ್ಟಲಿಲ್ಲ. ಆಗಲೇ ನಾನು ನನ್ನದನ್ನೂ ಐಸಾಕನದನ್ನೂ ಎಲ್ಲ ಹೇಳಿದೆ. ಕಿಟಕಿ, ಕೆಟಲು, ನಗು, ಕೆಚ್ಚಲು, ದೀಪ. ಯಾವುದನ್ನೂ ಬಿಡಲಿಲ್ಲ. ಹೊಟ್ಟೆಗೆ ಹಾಕ್ಕೋ ಅಂತ ಕೇಳಲು ಬಾಯಿ ಬರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಾಲ್ವರ್ಟರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಅವತ್ತು ನೀನು ನಕ್ಕಿದ್ದು ನೆನಪಿದೆ," ಅಂದಳು. "ತಿರುಗಿ ನೋಡ್ತೀನಿ, ಕಿಟಕೀಲಿ ನೀನು. ಬಂದು ಆರು ವಾರ ಆಗಿತ್ತು, ಏಮಸ್ ಬಿಟ್ರೆ ಒಬ್ರೂ ನನ್ನ ನೋಡಿ ನಕ್ಕಿರಲಿಲ್ಲ. ಈ ಊರಲ್ಲಿ ನಂಗೊಬ್ಳು ಗೆಳತಿ ಸಿಕ್ಲು ಅಂತ ಏಮಸ್‌ಗೆ ಅವತ್ತು ರಾತ್ರಿನೇ ಹೇಳ್ದೆ."

ನಾನು ನಿಂತೇ ಇದ್ದೆ. ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಅವಳೇ ಎದ್ದು ಕ್ಯಾನಿನ ಮುಚ್ಚಳ ತೆಗೆದಳು.

"ಎಷ್ಟು ಹಳದಿ ನೋಡು," ಅಂದಳು. "ಮಧ್ಯಾಹ್ನ ಬಾ, ಕ್ಯಾನು ಒಯ್ಯೋಕೆ."

ಅಂಚೆ ಮುಗಿಸಿ ಎರಡು ಗಂಟೆಗೆ ಹೋದೆ. ಗಿಣ್ಣು ಕಟ್ಟಿ ಬಟ್ಟೆಯಲ್ಲಿ ಗಂಟಾಗಿ ತೊಟ್ಟಿಯ ಮೇಲೆ ಬಸಿಯುತ್ತಿತ್ತು. ಮೈದಾಕ್ಕೆ ಬೆಣ್ಣೆ, ಹಂದಿ ಕೊಬ್ಬು ಹಾಕಿ ಬೆರಳ ತುದಿಯಲ್ಲೇ ಉಜ್ಜಿ ರವೆಯಂತೆ ಮಾಡಿ, ತಣ್ಣೀರು ಚಿಮುಕಿಸಿ ಕಲಸಿ ಇಟ್ಟಿದ್ದಳು. ನನಗೆ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಿಟ್ಟನ್ನು ಲಟ್ಟಿಸಿ ತಗಡಿನ ತಟ್ಟೆಗೆ ಹಾಸಿದಳು. ಹೆಬ್ಬೆರಳು, ತೋರುಬೆರಳಲ್ಲಿ ಅಂಚು ಚಿವುಟುತ್ತಾ ಸುತ್ತ ಬಂದಳು, ಕಾಲರಿಗೆ ಹೊಲಿಗೆ ಹಾಕುವವಳ ಹಾಗೆ ಒಂದೇ ಸಮ. ಬೆಣ್ಣೆ ಸಕ್ಕರೆ ಕಡೆದು, ಮೊಟ್ಟೆ ಒಡೆದು, ಗಿಣ್ಣನ್ನು ಜರಡಿಯಲ್ಲಿ ತಿಕ್ಕಿ ಬೆರೆಸಿದಳು. ಚಹಾದಲ್ಲಿ ನೆನೆದು ಉಬ್ಬಿದ ದ್ರಾಕ್ಷಿ ಹಾಕಿದಳು, ಜಾಯಿಕಾಯಿ ತುರಿದಳು. ಒಲೆಯ ಗೂಡಿನೊಳಗೆ ಬರಿಗೈ ಇಟ್ಟು ಇಪ್ಪತ್ತು ಎಣಿಸಿ, ಹದ ಸರಿಯಾಗಿದೆ ಎಂದು ಟಾರ್ಟನ್ನು ಒಳಗೆ ಸೇರಿಸಿದಳು. ಮೂವತ್ತೊಂದು ವರ್ಷ ಮಾಡಿದ ಕೈ. ನಾನು ಹೇಳಿಕೊಡಬೇಕಾದದ್ದು ಏನೂ ಉಳಿದಿರಲಿಲ್ಲ.

ಮನೆಯೆಲ್ಲ ಬೆಣ್ಣೆಯ ಪರಿಮಳ ತುಂಬಿತು. ಆಗ ಅವಳು ಕ್ಯಾನನ್ನು ಎತ್ತಿ ತೊಟ್ಟಿಯೊಳಗೆ ಇಟ್ಟಳು. ಕಪಾಟಿನಿಂದ ಸೋಡಾ ಪುಡಿ ತೆಗೆದು ಒಂದು ಹಿಡಿ ಹಾಕಿದಳು. ಒಲೆಯ ಮೇಲೆ ಕುದಿಯುತ್ತಿದ್ದ ಕೆಟಲನ್ನು ಎತ್ತಿಕೊಂಡಳು.

"ಹೆಸ್ಟರ್, ಬೇಡ," ಅಂದೆ.

ಅವಳು ಕೆಟಲು ಹಿಡಿದೇ ತಿರುಗಿದಳು. "ಮೂವತ್ತೊಂದು ವರ್ಷ ತಡ ಆಯ್ತು ಕಣೇ."

"ಐಸಾಕನೇ ಒಪ್ಕೊಂಡಿದಾನೆ. ಇನ್ಯಾಕೆ? ಸೋಮವಾರ ಎಲ್ಲರೂ ನಿನ್ನ ಟಾರ್ಟ್ ತಿಂತಾರೆ, ನಾನು ತಿನ್ನಿಸ್ತೀನಿ. ಕ್ಯಾನು ಹಾಗೇ ಕೊಡು. ಈಗ ತೊಳೆದು ಹಸುಗೆ ಏನಾದ್ರೂ ಆದ್ರೆ, ಸಾಯೋವರೆಗೂ ನಿನ್ನ ಹತ್ರ ಒಬ್ರೂ ಸುಳಿಯಲ್ಲ."

"ತೊಳೀದೆ ಕೊಟ್ರೆ ಏನಾಗುತ್ತೆ ಗೊತ್ತಾ? ಆ ಹೆಂಗಸಿಗೆ ಈಗಲಾದ್ರೂ ಬುದ್ಧಿ ಬಂತು ಅಂತಾರೆ. ಕ್ಷಮಿಸ್ತಾರೆ. ನಂಗೆ ಕ್ಷಮೆ ಬೇಡ ಐವಿ."

ನೀರು ಹುಯ್ದಳು. ಒಳಗೆ ಹೊರಗೆ ಉಜ್ಜಿದಳು, ಎರಡು ಸಲ ತೊಳೆದಳು, ಒರೆಸಿ ಬೆಳಕಿಗೆ ಹಿಡಿದು ನೋಡಿದಳು.

"ಐಸಾಕ್‌ಗೆ ಕೊಡು. ಹೆಸ್ಟರ್ ಸೋಡಾ ಹಾಕಿ ತೊಳೆದ್ಲು ಅಂತ ಎಲ್ಲರ ಮನೇಲೂ ಹೇಳು. ನಿಂಗೆ ಹೇಳೋದು ಚೆನ್ನಾಗಿ ಬರುತ್ತೆ."

ಹೇಳಿದೆ. ಪ್ರತಿ ಬಾಗಿಲಲ್ಲೂ ವ್ಯಾನು ನಿಲ್ಲಿಸಿ, ಕ್ಯಾನನ್ನು ಎತ್ತಿ ತೋರಿಸಿ ಹೇಳಿದೆ. ಯಾರೂ ನಗಲಿಲ್ಲ. ಐಸಾಕ್ ಕ್ಯಾನಿನೊಳಗೆ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಕೆಚ್ಚಲಿನ ವಿಷಯ ಒಪ್ಪಿಕೊಂಡವನೇ ಆದರೂ ರಕ್ತದಲ್ಲಿ ಬಂದ ಭಯ ಎಲ್ಲಿ ಹೋಗುತ್ತದೆ. "ಅವಳು ಬೇಕಂತಲೇ ಮಾಡಿದ್ಲಾ?" ಅಂದ. ಹೂಂ ಅಂದೆ. ಕ್ಯಾನನ್ನು ಮೊಳೆಗೆ ನೇತುಹಾಕಿ ಕೊಟ್ಟಿಗೆಗೆ ಹೋದ.

ಆ ಮೂರು ದಿನ ಕಣಿವೆಯ ಜನಕ್ಕೆ ಕಾಲ್ವರ್ಟರ ಮನೆಯಲ್ಲಿ ಇದ್ದಕ್ಕಿದ್ದಂತೆ ಕೆಲಸ ಬಂತು. ಒಬ್ಬರಿಗೆ ಹಗ್ಗ ಬೇಕಿತ್ತು, ಒಬ್ಬರಿಗೆ ಏಣಿ. ಬಂದವರೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕ್ಲೋವರಳನ್ನು ನೋಡಿ ಹೋಗುತ್ತಿದ್ದರು. ಹಸು ಮೇಯುತ್ತಿತ್ತು, ಕರುವನ್ನು ನೆಕ್ಕುತ್ತಿತ್ತು. ಶನಿವಾರ ಚೆನ್ನಾಗಿತ್ತು. ಭಾನುವಾರ ಚೆನ್ನಾಗಿತ್ತು. ಸೋಮವಾರ ಬೆಳಿಗ್ಗೆ ಬಾಲ ಬೀಸಿ ಐಸಾಕನ ಹ್ಯಾಟು ಬೀಳಿಸಿತು. ನಿಜ ಹೇಳುತ್ತೇನೆ, ಅದು ಸತ್ತಿದ್ದರೇ ನಮಗೆಲ್ಲ ಹಗುರವಾಗುತ್ತಿತ್ತು. ಅದು ಬದುಕಿದ್ದರಿಂದ ಮೂವತ್ತೊಂದು ವರ್ಷ ನಾವು ಮಾಡಿದ್ದೇನು ಎನ್ನುವುದು ಬೆತ್ತಲೆ ನಿಂತುಬಿಟ್ಟಿತು.

ಸೋಮವಾರ ಚಹಾಕೂಟಕ್ಕೆ ಹೆಸ್ಟರ್ ನಡೆದೇ ಬಂದಳು. ಮೇಜಿನ ತುದಿಯಲ್ಲಿ ತನ್ನ ಜಾಗದಲ್ಲಿ ಟಾರ್ಟು ಇಟ್ಟು ಬಟ್ಟೆ ತೆಗೆದಳು. ಪೂರ್ತಿ ಇತ್ತು. ಈ ಸಲ ತುಂಡು ತೆಗೆದಿರಲಿಲ್ಲ. ಪಕ್ಕದಲ್ಲಿ ಚಾಕು ಇಟ್ಟು ಕೈ ಮಡಿಸಿ ಕೂತಳು.

ಪ್ರಾರ್ಥನೆ ಮುಗಿಯಿತು. ಚಹಾ ಬಗ್ಗಿಸಿದರು. ಯಾರೂ ಯಾವುದಕ್ಕೂ ಕೈ ಹಾಕಲಿಲ್ಲ. ಐಸಾಕ್ ಎದ್ದ. ಆ ತುದಿಯವರೆಗೆ ನಡೆದುಹೋಗಿ, ದೊಡ್ಡದೊಂದು ತುಂಡು ಕತ್ತರಿಸಿ, ನಿಂತುಕೊಂಡೇ ತಿಂದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಜಾಯಿಕಾಯಿ ಒಂಚೂರು ಜಾಸ್ತಿ ಆಯ್ತು," ಅಂದ. ನಮ್ಮ ಕಡೆ ಮೆಚ್ಚುಗೆ ಹೇಳುವುದು ಹಾಗೆಯೇ. ಅವನ ಕಣ್ಣಲ್ಲಿ ನೀರಿತ್ತು.

"ಮೂವತ್ತೊಂದು ವರ್ಷದಿಂದ ಅಷ್ಟೇ ಹಾಕ್ತಿದೀನಿ," ಅಂದಳು ಹೆಸ್ಟರ್. "ಮೊದಲೇ ತಿಂದು ಹೇಳಿದ್ರೆ ಕಮ್ಮಿ ಮಾಡ್ತಿದ್ದೆ."

ಆಮೇಲೆ ಎಲ್ಲರೂ ಎದ್ದರು. ಒಬ್ಬೊಬ್ಬರೇ ಬಂದು ತುಂಡು ತೆಗೆದುಕೊಂಡು ಹೋದರು. ಕೆಲವರು ಚೆನ್ನಾಗಿದೆ ಅಂದರು, ಕೆಲವರಿಗೆ ಅದೂ ಬರಲಿಲ್ಲ. ಯಾರೂ ಅವಳ ಮುಖ ನೋಡಲಿಲ್ಲ, ಯಾರೂ ಅವಳ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ. ಮೊದಲು ಕೂರದಿದ್ದದ್ದು ಕೋಪಕ್ಕೆ, ಈಗ ನಾಚಿಕೆಗೆ. ಅವಳ ಪಾಲಿಗೆ ಎರಡೂ ಒಂದೇ ಖಾಲಿ ಕುರ್ಚಿ. ನಾನು ಹೋಗಿ ಕೂರಬಹುದಿತ್ತು. ಗೆಳತಿ ಎಂಬ ಆ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬರಲಿಲ್ಲ.

ಕೂಟ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಎಲ್ಲರ ತಟ್ಟೆಗಳನ್ನೂ ತೊಳೆಯಲು ನಿಂತೆ. ಹೆಸ್ಟರ್ ತನ್ನ ತಗಡಿನ ತಟ್ಟೆ ಹಿಡಿದು ಬಂದಳು. ಖಾಲಿಯಾಗಿತ್ತು. ಅವಳಿಗೇ ಒಂದು ತುಂಡು ಉಳಿದಿರಲಿಲ್ಲ. ತಳದಲ್ಲಿ ಚೂರುಪಾರು, ಎರಡು ದ್ರಾಕ್ಷಿ, ಬೆಣ್ಣೆಯ ಜಿಡ್ಡು.

"ಕೊಡು, ತೊಳೆದುಕೊಡ್ತೀನಿ," ಎಂದು ಕೈ ಚಾಚಿದೆ.

"ಬೇಡ," ಅಂದಳು. "ಎಲ್ಲರೂ ತಿಂದ ಗುರುತು ಇರ್ಲಿ."

ತಟ್ಟೆಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿದಳು. ವ್ಯಾನಿನಲ್ಲಿ ಬಿಡುತ್ತೇನೆ ಅಂದೆ, ನಡೆದುಕೊಂಡು ಹೋಗುತ್ತೇನೆ ಅಂದಳು. ಚಾಪೆಲ್ಲಿನ ಬಾಗಿಲಲ್ಲಿ ನಿಂತು ನೋಡಿದೆ. ಗುಡ್ಡದ ದಾರಿಯಲ್ಲಿ ಅವಳೊಬ್ಬಳೇ, ಮಂಡಿ ನೋವಿಗೆ ನಿಧಾನವಾಗಿ ಹತ್ತುತ್ತಾ ಹೋದಳು. ಮರುದಿನ ಕಾಗದ ಕೊಡಲು ಹೋದಾಗ ಬಾಗಿಲು ಹಾಕಿತ್ತು. ತಟ್ಟೆ ಅಡುಗೆಮನೆಯ ಕಿಟಕಿಯಲ್ಲಿ ದಾರಿಗೆ ಕಾಣುವ ಹಾಗೆ ಇತ್ತು, ಇನ್ನೂ ತೊಳೆದಿರಲಿಲ್ಲ.